ಹಿತ್ತಾಳೆ ಕಟಕಟೆ ಬಾಗಿದ ಬಗ್ಗೆ

ಇಂದ:
ತಮ್ಮ ಒಬ್ಬನೇ ಅಳಿಯ,
ಹಿರಿಯ ಗುಮಾಸ್ತ, ಭೂ ದಾಖಲೆಗಳ ಕಚೇರಿ,
ಹಾಲಿ ವಾಸ: ಮುಂದಿನ ಕೋಣೆ, ಕಿಟಕಿ ಪಕ್ಕದ ಮೇಜು.

ಗೆ:
ಮಾವನವರು,
ನಿವೃತ್ತ ಇಂಜಿನ್ ಮೇಸ್ತ್ರಿ, ನದಿ ದಾಟಿಸುವ ಹಡಗು,
ಹಿಂದಿನ ಕೋಣೆ (ಬಾಗಿಲು ಹಾಕಿದೆ).

ಮುಖಾಂತರ:
ತಮ್ಮ ಮಗಳು ಹಾಗೂ ನನ್ನ ಹೆಂಡತಿ,
ಅಡುಗೆಮನೆ ಮತ್ತು ಗ್ಯಾಸ್ ಒಲೆಯ ಸರ್ವಾಧಿಕಾರಿ.

ದಿನಾಂಕ: ತಾವು ಊಟದ ಮೇಜಿಗೆ ಬಾರದ ಹನ್ನೊಂದನೆಯ ದಿನ.

ವಿಷಯ: ಮಾದರಿ ಹಡಗಿನ ಹಿತ್ತಾಳೆ ಕಟಕಟೆ ಬಾಗಿದ್ದಕ್ಕೆ ತಮ್ಮ ಬೆರಳು ಕಾರಣವಲ್ಲ, ಅಳಿಯನೇ ಕಾರಣ ಎಂದು ದಾಖಲಿಸುವ ಕುರಿತು.

ಉಲ್ಲೇಖ:
1. ನಾನು ತಮಗೆ ಆಡಿದ ಮಾತು (ಜೋರು ದನಿಯಲ್ಲಿ).
2. ಅದಕ್ಕೆ ತಾವು ಕೊಟ್ಟ ಉತ್ತರ (ಹಾಕಿದ ಬಾಗಿಲು).
3. ತಮ್ಮ ಮಗಳು ನಿನ್ನೆ ಪಾತ್ರೆ ತೊಳೆಯುತ್ತ ನೀಡಿದ ಮೌಖಿಕ ಆದೇಶ: "ಬಾಯಲ್ಲಿ ಹೇಳೋಕೆ ಧೈರ್ಯ ಇಲ್ಲಾಂದ್ರೆ ಬರೆದಾದ್ರೂ ಕೊಡಿ. ಇಪ್ಪತ್ತಾರು ವರ್ಷದಿಂದ ಅದೊಂದೇ ತಾನೇ ನಿಮಗೆ ಬರೋದು?"

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ,

1. ತಾವು ಮೂವತ್ತೊಂದು ವರ್ಷ ಇಂಜಿನ್ ನೋಡಿಕೊಂಡ ಹಡಗನ್ನು ಕಳೆದ ವರ್ಷ ಗುಜರಿಗೆ ಒಡೆದರು. ಅದರ ಮಾದರಿಯೊಂದನ್ನು ಮೊಣಕೈ ಉದ್ದಕ್ಕೆ ಮಾಡಿಕೊಡುತ್ತೇನೆಂದು ನಾನೇ ಮೇಲೆ ಬಿದ್ದು ಹೇಳಿದೆ. ತಾವು ಕೇಳಿರಲಿಲ್ಲ.

2. ಸದರಿ ಹಡಗಿನ ಏಣಿ, ಅಂಚಿಗೆ ನಿಲ್ಲಿಸುವ ಕಟಕಟೆ, ಹೊಗೆಕೊಳವೆಗೆ ಸುತ್ತುವ ಪಟ್ಟಿ ಇತ್ಯಾದಿ ಸಣ್ಣ ಭಾಗಗಳು ಕಾಗದದಷ್ಟು ತೆಳುವಾದ ಒಂದೇ ಹಿತ್ತಾಳೆ ಹಾಳೆಯಲ್ಲಿ, ಆಮ್ಲದಿಂದ ಕೊರೆದು ಬರುತ್ತವೆ. ಈ ಹಿತ್ತಾಳೆ ಮಹಾ ಹಟಮಾರಿ. ಬಗ್ಗಿಸಿದರೆ ಚಿಮ್ಮಿ ಮತ್ತೆ ಮೊದಲಿನಂತಾಗುತ್ತದೆ. ಆದ್ದರಿಂದ ದುಂಡಗೆ ಸುತ್ತಬೇಕಾದ ಭಾಗವನ್ನು ಚಿಮಟದಲ್ಲಿ ಹಿಡಿದು ಒಲೆಯ ಉರಿಯ ಮೇಲೆ ಆಡಿಸಬೇಕು. ಬಣ್ಣ ಮಂಕಾದ ಕೂಡಲೇ ತೆಗೆದು, ತಾನಾಗಿ ಆರಲು ಬಿಟ್ಟು, ವಿನೆಗರಿನಲ್ಲಿ ತೊಳೆದು ಮಸಿ ಬಿಡಿಸಬೇಕು. ಆಮೇಲೆ ಅದು ಹೇಳಿದ ಮಾತು ಕೇಳುತ್ತದೆ.

3. ಆದರೆ ಈ ಹಾಳೆ ಬಂದ ಪೆಟ್ಟಿಗೆಯೊಳಗಿನ ಸೂಚನಾ ಪತ್ರದ ನಾಲ್ಕನೆಯ ಸಾಲು ಹೀಗಿದೆ: "ಬಗ್ಗಿಸಬೇಕಾದ ಭಾಗಗಳನ್ನು ಮಾತ್ರ ಕಾಯಿಸಿ. ನೆಟ್ಟಗೆ ನಿಲ್ಲಬೇಕಾದವನ್ನು ಕಾಯಿಸಬೇಡಿ." ಕಚೇರಿಯಲ್ಲಿ ಪ್ರತಿ ನಮೂನೆಯ ನೆತ್ತಿಯ ಮೇಲೆ 'ಸೂಚನೆಗಳನ್ನು ಓದಿ ಭರ್ತಿ ಮಾಡಿ' ಎಂದು ಠಸ್ಸೆ ಒತ್ತುವವನು ನಾನೇ. ನಾನು ಓದಲಿಲ್ಲ.

4. ತಮ್ಮ ಮಗಳು ಒಲೆಯನ್ನು ಹತ್ತೇ ನಿಮಿಷಕ್ಕೆ ಮಂಜೂರು ಮಾಡಿದ್ದಳು. ("ಹತ್ತಂದ್ರೆ ಹತ್ತು. ಆಮೇಲೆ ನನ್ನ ಒಲೆ ನನಗೆ.") ಒಂದೊಂದೇ ಭಾಗ ಕತ್ತರಿಸಿ ಕಾಯಿಸಲು ಸಮಯ ಸಾಲದ ಕಾರಣ, ಇಡೀ ಹಾಳೆಯನ್ನು ಹಾಗೇ ಉರಿಗೆ ಹಿಡಿದೆ. ಆದಕಾರಣ ಪಟ್ಟಿಯ ಜೊತೆ ಕಟಕಟೆಯೂ ಮೆತ್ತಗಾಯಿತು. ಆ ಕಾರಣದಿಂದಾಗಿ, ಅಂಟಿಸಿದಾಗ ನೆಟ್ಟಗೆ ನಿಂತಂತೆ ಕಂಡರೂ ಅದರಲ್ಲಿ ಕಸುವಿರಲಿಲ್ಲ. ಸೊಳ್ಳೆ ಕೂತಿದ್ದರೂ ಬಾಗುತ್ತಿತ್ತು.

5. ಅಂದು ಸಂಜೆ ತಾವು ಕನ್ನಡಕ ಹಾಕಿಕೊಂಡು ಬಂದು, ಮೇಜಿಗೆ ಎರಡು ಸುತ್ತು ಹಾಕಿ, ಹಡಗಿನ ಹಿಂಭಾಗದ ಕಟಕಟೆಯ ಮೇಲೆ ತೋರುಬೆರಳಿಟ್ಟು, "ಇಲ್ನೋಡಿ, ಪಾಳಿ ಮುಗಿದ್ಮೇಲೆ ದಿನಾ ಇಲ್ಲೇ ನಾನು..." ಎಂದಿರಿ. ಕಟಕಟೆ ಮಲಗಿತು. ನಾನು, "ಕೈ ಇಡಿ ಅಂತ ಯಾರು ಹೇಳಿದ್ರು ನಿಮಗೆ? ಎರಡು ತಿಂಗಳ ಕೆಲಸ ಮಣ್ಣುಪಾಲಾಯ್ತು!" ಎಂದೆ. ತಾವು ಬೆರಳು ತೆಗೆದು, ಅದನ್ನೊಮ್ಮೆ ನೋಡಿಕೊಂಡು, ಒಳಗೆ ಹೋದಿರಿ. ಅಂದಿನಿಂದ ತಮ್ಮ ತಟ್ಟೆ ತಮ್ಮ ಕೋಣೆಗೇ ಹೋಗುತ್ತಿದೆ.

6. ಮರುದಿನವೇ ಸೂಚನಾ ಪತ್ರ ಓದಿ ನಿಜ ತಿಳಿದೆ. ಆದರೂ ಒಂಬತ್ತು ದಿನ ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದೆ. ತಾವು ಮಗಳ ಹತ್ತಿರ, "ಸ್ಪ್ಯಾನರ್ ಹಿಡಿದ ಕೈ ಕಣಮ್ಮ ಇದು, ಒರಟು. ಇಂಥ ನಾಜೂಕು ಸಾಮಾನು ಮುಟ್ಟಬಾರದಿತ್ತು" ಅಂದಿರಂತೆ. ಮಾವನವರೇ, ತಮ್ಮ ಕೈಯದು ಏನೂ ತಪ್ಪಿಲ್ಲ. ನನಗೆ ನಾಚಿಕೆಯಾಗಿದೆ. ಇದನ್ನು ಹೇಳಲು ಕಚೇರಿ ಭಾಷೆಯಲ್ಲಿ ತಕ್ಕ ನಮೂನೆ ಹುಡುಕಿದೆ, ಸಿಗಲಿಲ್ಲ.

7. ಒಮ್ಮೆ ಮೆತ್ತಗಾದ ಹಿತ್ತಾಳೆಯನ್ನು ಮತ್ತೆ ಕಾಯಿಸಿ ಗಟ್ಟಿ ಮಾಡಲು ಬರುವುದಿಲ್ಲ. ಪ್ರಯತ್ನಿಸಿದೆ, ಒಂದು ಏಣಿ ಕರಗಿ ಒಲೆಯೊಳಕ್ಕೆ ತೊಟ್ಟಿಕ್ಕಿತು. ತತ್ಪರಿಣಾಮವಾಗಿ ಒಲೆಯ ಮಂಜೂರಾತಿ ರದ್ದಾಗಿದೆ. ಆದ್ದರಿಂದ ಹೊಸ ಹಾಳೆ ತರಿಸಿ, ಈ ಸಲ ಕಟಕಟೆಗೆ ಬೆಂಕಿಯನ್ನೇ ತೋರಿಸದೆ ಕತ್ತರಿಸಿ, ಅಂಚನ್ನು ಅರದಲ್ಲಿ ಉಜ್ಜಿ ಇಟ್ಟಿದ್ದೇನೆ. ಇನ್ನೂ ಅಂಟಿಸಿಲ್ಲ.

ಆದ್ದರಿಂದ ಮಾನ್ಯರು ದಯವಿಟ್ಟು,

(ಅ) ತಪ್ಪನ್ನು ನನ್ನ ಹೆಸರಿಗೆ ವರ್ಗಾಯಿಸಿ, ಉಲ್ಲೇಖ 1ನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು.

(ಆ) ಹಿಂಭಾಗದ ಕಟಕಟೆ ಅಂಟಿಸಿದ ಮೇಲೆ, ಅಂಟು ಬಿಗಿಯುವ ತನಕ ಯಾರಾದರೂ ಬೆರಳಲ್ಲಿ ಹಿಡಿದಿರಬೇಕು. ತಮ್ಮ ಕೈಯೇ ಆಗಬೇಕು. ಇದಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಸದರಿ ಅವಧಿಯಲ್ಲಿ, ಪಾಳಿ ಮುಗಿದ ಮೇಲೆ ತಾವು ಅಲ್ಲಿ ಏನು ಮಾಡುತ್ತಿದ್ದಿರಿ ಎಂಬುದನ್ನು ಪೂರ್ತಿ ಹೇಳಬೇಕು. ನಾನು ನಡುವೆ ಬಾಯಿ ಹಾಕುವುದಿಲ್ಲ.

ತಮ್ಮ ವಿಶ್ವಾಸ ಕಳೆದುಕೊಂಡು ಮರಳಿ ಬೇಡುವ,
ಅಳಿಯ

ಲಗತ್ತುಗಳು:
1. ಬಾಗಿದ ಕಟಕಟೆ, ಮೂಲ ಪ್ರತಿ.
2. ಸೂಚನಾ ಪತ್ರ (ನಾಲ್ಕನೆಯ ಸಾಲಿಗೆ ಕೆಂಪು ಗೆರೆ ಎಳೆದಿದೆ).
3. ಮಾಜಿ ಏಣಿ (ಒಂದು ಹನಿ).

ಮುಖಾಂತರ ಅಧಿಕಾರಿಯ ಷರಾ: "ಅಪ್ಪಾ, ಇವರು ಬರೆದಿರೋದೆಲ್ಲ ನಿಜ. ಒಲೆ ಮಾತ್ರ ಕೊಡಲ್ಲ."

ವಿಶೇಷ ಸೂಚನೆ: ಅರ್ಜಿಯನ್ನು ತಿರಸ್ಕರಿಸುವ ಪಕ್ಷದಲ್ಲಿ, ಹಿಂಬರಹವನ್ನು ಲಿಖಿತವಾಗಿ ಕಳುಹಿಸದೆ, ಇಂದಿನ ಊಟದ ಹೊತ್ತಿಗೆ ಮೇಜಿಗೆ ಖುದ್ದು ಹಾಜರಾಗಿ, ನನ್ನ ಎದುರಿಗೇ ಕೂತು, ಬಾಯಿತುಂಬ ಬೈದು ತಿಳಿಸಬೇಕಾಗಿ ಕೋರಿದೆ.