ತುಕ್ಕಿಗೆ ಜರ್ಮನ್ ಮದ್ದು

ಪಡುಬಿದ್ರಿಯ ಹೆದ್ದಾರಿಯಲ್ಲಿ ಶ್ರೀಮತಿಯ ಎಡಗಾಲಿನ ಚಪ್ಪಲಿ ಕಾರಿನೊಳಗಿಂದ ನೇರವಾಗಿ ರಸ್ತೆಗೆ ಇಳಿದುಹೋದದ್ದು ೧೯೭೮ರ ಮಾರ್ಚ್ ತಿಂಗಳಲ್ಲಿ. ಬಾಗಿಲು ಮುಚ್ಚಿತ್ತು, ಕಿಟಕಿಯೂ ಮುಚ್ಚಿತ್ತು. ಚಪ್ಪಲಿ ಹೋದದ್ದು ಕಾರಿನ ತಳದ ಮೂಲಕ. (ಶ್ರೀಮತಿ ಎಂಬುದು ಇಲ್ಲಿ ಗೌರವದ ಮಾತಲ್ಲ, ಆಕೆಯ ಹೆಸರೇ ಅದು. ಮದುವೆಯ ಕಾಗದಗಳಲ್ಲಿ 'ಶ್ರೀಮತಿ ಶ್ರೀಮತಿ' ಎಂದು ಎರಡು ಸಲ ಬರುತ್ತಿದ್ದಳು. ಮನೆಯಲ್ಲಿ ಆಕೆಯ ಮಾತಿಗೂ ಅಷ್ಟೇ, ಎರಡು ಪಟ್ಟು ತೂಕ.)

"ನಿಲ್ಲಿಸಿ" ಎಂದಳು ಆಕೆ. ಕಾರು ನಿಂತಿತು. ಕಾಲ ಕೆಳಗಿನ ರಬ್ಬರ್ ಹಾಸನ್ನು ಸರಿಸಿ ನೋಡಿದರೆ ಡಾಂಬರು ಕಾಣುತ್ತಿತ್ತು.

ಅವಳ ಗಂಡ ಅನಂತಪದ್ಮನಾಭ ಉಪಾಧ್ಯರು ಕಾಪುವಿನ ಹೈಸ್ಕೂಲಿನಲ್ಲಿ ಗಣಿತದ ಮಾಸ್ಟ್ರು. ಮಣಿಪಾಲದ ಡಾಕ್ಟರೊಬ್ಬರಿಂದ ಕೊಂಡ, ಇಪ್ಪತ್ತಾರು ವರ್ಷ ಹಳೆಯ ಮಾರಿಸ್ ಮೈನರ್ ಅವರ ಪ್ರಾಣ. ಆದರೆ ಮನೆ ಸಮುದ್ರದ ಪಕ್ಕ. ಉಪ್ಪುಗಾಳಿ ಆ ಪ್ರಾಣವನ್ನು ಕೆಳಗಿನಿಂದ ಸ್ವಲ್ಪಸ್ವಲ್ಪವಾಗಿ ತಿನ್ನುತ್ತಿತ್ತು.

"ಹೆಸರಿನಲ್ಲೇ ಉಂಟಲ್ಲ, ಮಾರಿಸ್ ಅಂತ. ಯಾರ ಕೈಯಲ್ಲಾದರೂ ಮಾರಿಸಿ ಬಿಡಿ" ಎಂದಳು ಶ್ರೀಮತಿ.

"ಅಣ್ಣನಿಗೆ ಮಾತು ಕೊಟ್ಟಾಗಿದೆ ಮಾರಾಯ್ತಿ!"

ಅದೂ ನಿಜವೇ. ಕಾರ್ಕಳದಲ್ಲಿ ಪೌರೋಹಿತ್ಯ ಮಾಡುತ್ತಿದ್ದ ಅಣ್ಣ ರಘುಪತಿ ಉಪಾಧ್ಯರ ಮಗಳ ಮದುವೆ ಮೇ ತಿಂಗಳಿಗೆ ನಿಶ್ಚಯವಾಗಿತ್ತು. ಮದುಮಗನನ್ನು ದೇವಸ್ಥಾನದಿಂದ ಛತ್ರಕ್ಕೆ ತನ್ನ ಕಾರಿನಲ್ಲೇ ಕರೆತರುವುದಾಗಿ ಮಾಸ್ಟ್ರು ಹತ್ತು ಜನರೆದುರು ಘೋಷಿಸಿದ್ದರು.

ಶ್ರೀಮತಿ ಯೋಚಿಸಿದಳು. "ಸರಿ. ಆ ದಿನ ತಳ ನಿಂತರೆ ಕಾರು ಮನೆಯಲ್ಲೇ ನಿಲ್ಲಲಿ. ಇಲ್ಲದಿದ್ದರೆ ಆದಿ ಉಡುಪಿಯ ಗುಜರಿಯವನಿಗೆ."

ಮರುದಿನವೇ ಉಪಾಧ್ಯರು ಸಂತೆಕಟ್ಟೆಯ ಪೈಂಟರ್ ವಲೇರಿಯನ್‌ನನ್ನು ಕಂಡರು. ಅವನು ಕಾರಿನಡಿ ಮಲಗಿ ಅಲ್ಲಲ್ಲಿ ತಟ್ಟಿ ನೋಡಿ, ಆಮೇಲೆ ಹೊರಬಂದ.

"ತಳಕ್ಕೆ ಹೊಸ ತಗಡು ಬೆಸುಗೆ ಹಾಕಿಸುವ. ಉಳಿದ ತುಕ್ಕು ನೀವೇ ಕೆರೆಯಿರಿ ಮಾಸ್ಟ್ರೇ, ಬೆಳ್ಳಗೆ ಕಬ್ಬಿಣ ಕಾಣುವವರೆಗೆ. ಸೀಮೆಎಣ್ಣೆಯಲ್ಲಿ ಒರೆಸಿ, ರೆಡ್ ಆಕ್ಸೈಡ್ ಎರಡು ಕೈ ಹೊಡೆಯಿರಿ. ಮೇಲಿನ ಬಣ್ಣ ನಾನು ಕೊಡ್ತೇನೆ. ಆದರೆ ಕಾರಿನ ಅಡಿಗೆ, ಬಾಗಿಲಿನ ಹೊಟ್ಟೆಯ ಒಳಗೆ, ಬಣ್ಣ ಸಾಕಾಗ್ಲಿಕ್ಕಿಲ್ಲ. ಅದಕ್ಕೆ ಒಂದು ಎಣ್ಣೆ ಉಂಟು."

"ಎಂತ ಎಣ್ಣೆ?"

ವಲೇರಿಯನ್ ಅವರ ಜನಿವಾರದ ಕಡೆ ನೋಡಿ ದನಿ ತಗ್ಗಿಸಿದ. "ಬೂತಾಯಿ ಎಣ್ಣೆ. ಮೀನಿನದ್ದು. ದೋಣಿಗೆ ಹಾಕುವಂಥದ್ದು. ಇಪ್ಪತ್ತು ವರ್ಷ ತುಕ್ಕು ಹತ್ತಿರ ಬರುವುದಿಲ್ಲ."

ಉಪಾಧ್ಯರ ಮನಸ್ಸಿನಲ್ಲಿ ಆಚಾರಕ್ಕೂ ಮಾರಿಸ್‌ಗೂ ಘೋರ ಸಂಗ್ರಾಮ ನಡೆಯಿತು. ಅರ್ಧ ನಿಮಿಷದಲ್ಲಿ ಮಾರಿಸ್ ಗೆದ್ದಿತು.

ಶಾಲೆಗೆ ಬೇಸಗೆ ರಜೆ ಸಿಕ್ಕಿತು. ಮಾಸ್ಟ್ರು ಹಳೆ ಪಂಚೆಯುಟ್ಟು ಕಾರಿನಡಿ ಸೇರಿದರು. ತಂತಿ ಬ್ರಶ್ಶು, ಉಳಿ, ಎಮರಿ ಕಾಗದ. ಕೆರೆದಷ್ಟೂ ಕೆಂಪು ಪುಡಿ ಕಣ್ಣಿಗೇ ಬೀಳುತ್ತಿತ್ತು. ಹದಿನೈದು ದಿನದಲ್ಲಿ ಕಬ್ಬಿಣ ಬೆಳ್ಳಗಾಯಿತು, ಮಾಸ್ಟ್ರು ಕೆಂಪಗಾದರು. ರೆಡ್ ಆಕ್ಸೈಡ್ ಒಣಗಿದ ಮೇಲೆ, ಹೆಗಲ ಬೈರಾಸನ್ನು ಮೂಗಿಗೆ ಕಟ್ಟಿಕೊಂಡು ಎಣ್ಣೆಯ ಡಬ್ಬದ ಮುಚ್ಚಳ ತೆರೆದರು.

"ಎಂತದು ಅದು?" ಜಗಲಿಯಿಂದ ಶ್ರೀಮತಿ ಕೇಳಿದಳು.

"ಜರ್ಮನಿಯ ಲೇಪನ. ತುಕ್ಕಿಗೆ."

"ಓಹೋ" ಎಂದು ಆಕೆ ಒಳಗೆ ಹೋದಳು. ಸಂಜೆ ಅಂಗಳದಲ್ಲಿ ಹನ್ನೊಂದು ಬೆಕ್ಕುಗಳು ಕಾರಿಗೆ ಪ್ರದಕ್ಷಿಣೆ ಬರುತ್ತಿದ್ದವು. "ಇವಕ್ಕೆಲ್ಲ ಜರ್ಮನ್ ಬರ್ತದಾ?" ಎಂದಷ್ಟೇ ಕೇಳಿದಳು.

ಆಮೇಲೆ ಉಪಾಧ್ಯರು ದಿನಕ್ಕೆ ಮೂರು ಸ್ನಾನ ಮಾಡತೊಡಗಿದರು. ಗುಟ್ಟು ಬಯಲಾಗದಿರಲೆಂದು ಅಡಿಗೆಮನೆಯ ಕಡೆ ತಲೆ ಹಾಕಲಿಲ್ಲ. ಕಾರಿನೊಳಗೆ ಕರ್ಪೂರ ಇಟ್ಟರು, ಧೂಪ ಹಾಕಿದರು. ವಲೇರಿಯನ್ ಬಳಿದ ಹಾಲುಬಿಳಿಯಲ್ಲಿ ಮಾರಿಸ್ ಹೊಸ ಮದುಮಗಳಂತೆ ಹೊಳೆಯಿತು.

ಮದುವೆಯ ದಿನ ಬೆಳಿಗ್ಗೆ ಶ್ರೀಮತಿ ಪಟ್ಟೆಸೀರೆಯುಟ್ಟು, "ನೀವು ಬನ್ನಿ, ನಾನು ಬಸ್ಸಿನಲ್ಲಿ ಹೋಗ್ತೇನೆ" ಎಂದು ಹೊರಟೇಹೋದಳು.

ಕಾರ್ಕಳದ ದೇವಸ್ಥಾನದೆದುರು ಮದುಮಗನೂ ಅವನ ತಂದೆಯೂ ಹಿಂದೆ ಕೂತರು, ಅಣ್ಣ ರಘುಪತಿ ಮುಂದೆ. ತಳ ಅಲುಗಲಿಲ್ಲ. ಉಪಾಧ್ಯರ ಎದೆ ಉಬ್ಬಿತು. ಮುಂದೆ ಬ್ಯಾಂಡಿನವರು ನಡೆಯುತ್ತಿದ್ದುದರಿಂದ ಕಾರು ಆಮೆಯ ವೇಗದಲ್ಲಿ ತೆವಳಬೇಕಾಯಿತು. ಮೇ ತಿಂಗಳ ಬಿಸಿಲು, ಕೆಳಗೆ ಎಂಜಿನ್ನಿನ ಕಾವು. ಬಾಗಿಲಿನ ಹೊಟ್ಟೆಯಲ್ಲಿ ಮಲಗಿದ್ದ ಲೇಪನ ಮೆಲ್ಲನೆ ಎಚ್ಚರಗೊಂಡಿತು.

"ಅನಂತ, ಎಂತ ವಾಸನೆ ಇದು?"

"ಹೊಸ ಪೈಂಟು ಅಣ್ಣ."

ಮದುಮಗ ಕರವಸ್ತ್ರ ತೆಗೆದ. ಅಷ್ಟರಲ್ಲಿ ಪೇಟೆಯ ನಾಯಿಗಳು ಚಕ್ರದ ಹತ್ತಿರ ಮುತ್ತಿಕೊಂಡವು. ಅವನ್ನು ಓಡಿಸಲು ಉಪಾಧ್ಯರು ಹಾರ್ನ್ ಒತ್ತಿದರು. ಕಾರಿನ ಸ್ವಂತ ಹಾರ್ನ್ ಸತ್ತು ವರ್ಷವಾಗಿತ್ತು. ಬದಲಿಗೆ ಕಟ್ಟಿದ್ದು ರಬ್ಬರ್ ಉಂಡೆಯ ಹಾರ್ನ್. ಪೋಂ, ಪೋಂ! ಸೈಕಲಿನಲ್ಲಿ ಮೀನು ಮಾರುವವರು ಬೀದಿಬೀದಿಯಲ್ಲಿ ಬಾರಿಸುವುದು ಇದನ್ನೇ.

ಎಡಬಲದ ಮನೆಗಳಿಂದ ಹೆಂಗಸರು ತಟ್ಟೆ, ಬೋಗುಣಿ ಹಿಡಿದು ಹೊರಬಂದರು. ಬೇಬಿ ಎಂಬಾಕೆ ಎಲ್ಲರಿಗಿಂತ ಮೊದಲೇ ಓಡಿಬಂದು, ಕಿಟಕಿಯ ಮೂಲಕ ತಟ್ಟೆಯನ್ನು ರಘುಪತಿ ಉಪಾಧ್ಯರ ಮಡಿಲಿಗೇ ಇಟ್ಟು, "ಬೂತಾಯಿ ತಾಜಾ ಉಂಟಾ ಅಣ್ಣಾ?" ಎಂದಳು.

ಕಾರಿನಲ್ಲಿ ಕೂತಿದ್ದ ಮೂವರೂ ಇಳಿದು ನಡೆದರು.

ಮುಹೂರ್ತ ಹನ್ನೊಂದೂವರೆಗೆ. ಹನ್ನೊಂದಕ್ಕೆ ಮದುಮಗ, ಅವನ ತಂದೆ, ಕನ್ಯಾಪಿತ ಮೂವರೂ ಛತ್ರದ ಬಾವಿಕಟ್ಟೆಯಲ್ಲಿ ಮರುಸ್ನಾನಕ್ಕೆ ನಿಂತಿದ್ದರು. ನೀರು ಸೇದಿದ್ದು ಅನಂತಪದ್ಮನಾಭ ಉಪಾಧ್ಯರೇ, ನಲವತ್ತು ಕೊಡ. ಕಣ್ಣೆತ್ತಿ ಅಣ್ಣನ ಮುಖ ನೋಡುವ ಧೈರ್ಯ ಅವರಿಗಾಗಲಿಲ್ಲ. ಮುಹೂರ್ತ ಮಾತ್ರ ಕೂದಲೆಳೆಯಲ್ಲಿ ಉಳಿಯಿತು.

ಧಾರೆ ಮುಗಿದ ಮೇಲೆ ಶ್ರೀಮತಿ ಬಾವಿಕಟ್ಟೆಗೆ ಬಂದಳು.

"ಅದು ಜರ್ಮನಿಯದ್ದಲ್ಲ" ಎಂದರು ಉಪಾಧ್ಯರು, ಹಗ್ಗ ಸುತ್ತುತ್ತ.

"ಗೊತ್ತು. ನನ್ನ ತವರು ಮಲ್ಪೆ. ದೋಣಿ ಕಟ್ಟುವ ಶೆಡ್ಡಿನ ಹಿಂದಿನ ಮನೆ. ಆ ಎಣ್ಣೆಯ ವಾಸನೆ ನನಗೆ ಗೊತ್ತಿಲ್ಲವಾ?"

"ಮತ್ತೆ ಮೊದಲೇ ಯಾಕೆ ಹೇಳಲಿಲ್ಲ?"

"ನೀವು ದಿನಕ್ಕೆ ಮೂರು ಸಲ ಸ್ನಾನ ಮಾಡಿದಿರಿ. ಸಾರಿಗೆ ಉಪ್ಪು ಕಮ್ಮಿ ಅಂತ ಒಂದು ದಿನವೂ ಅಡಿಗೆಮನೆಗೆ ಬರಲಿಲ್ಲ. ನನಗೆ ಎಂತ ನಷ್ಟ?"

ತಳ ನಿಂತಿತ್ತು, ಆದ್ದರಿಂದ ಕಾರೂ ನಿಂತಿತು. ಶ್ರೀಮತಿ ಮಾತಿಗೆ ತಪ್ಪುವವಳಲ್ಲ. ಆದರೆ ಊಟದ ಹೊತ್ತಿಗೆ ಅಣ್ಣನ ಅಪ್ಪಣೆಯಂತೆ ಉಪಾಧ್ಯರ ಎಲೆಯನ್ನು ಪಂಕ್ತಿಯಿಂದ ಬೇರೆಯಾಗಿ, ಚಪ್ಪರದ ಹೊರಗೆ, ಗಾಳಿ ಆಚೆಗೆ ಬೀಸುವ ಕಡೆ ಹಾಕಿದ್ದರು. ಬಡಿಸುವವರು ಯಾರೂ ಅತ್ತ ಸುಳಿಯಲಿಲ್ಲ. ಕೊನೆಗೆ ಪಾಯಸ ತಂದವಳು ಶ್ರೀಮತಿಯೇ. ಆಕೆ ಎರಡು ಮಾರು ದೂರದಲ್ಲೇ ನಿಂತು, ಛತ್ರದಲ್ಲಿದ್ದ ಅತಿ ಉದ್ದ ಹಿಡಿಯ ಸೌಟಿನಿಂದ, ಒಂದು ಹನಿಯೂ ಚೆಲ್ಲದಂತೆ ಬಡಿಸಿದಳು.