ಮೈ ಜಾಡಿಸದ ಟಗರು ಮತ್ತು ಕುಮಾರಿ ಐನೋ ಅವರ ವಾಪಸು ಟಿಕೆಟ್

ಇಂದ,
ಶ್ರೀಮತಿ ಮೇನಕಾ, ಬಿ.ಎ.,
ಕೋಂ ಗೋವಿಂದರಾಜ್ (ಲಾರಿ ಚಾಲಕರು),
ಬೇವಿನಕೊಟ್ಟಾಯ್, ಪೆನ್ನಾಗರಂ ತಾಲ್ಲೂಕು,
ಧರ್ಮಪುರಿ ಜಿಲ್ಲೆ, ತಮಿಳುನಾಡು.

ಗೆ,
ಶ್ರೀಮತಿ ಅರ್ಚನಾ ಅವರು,
ಪ್ರಾದೇಶಿಕ ಸಂಯೋಜಕರು,
'ಮನೆಮಂದಿ' ವಿದೇಶಿ ವಿದ್ಯಾರ್ಥಿಗಳ ಗೃಹವಾಸ ಯೋಜನೆ,
ಬೆಂಗಳೂರು.

ವಿಷಯ: ಫಿನ್‌ಲೆಂಡ್ ದೇಶದ ಕುಮಾರಿ ಐನೋ ಅವರು ದಿನಾಂಕ 9-8-2025ರ ವಿಮಾನ ಹತ್ತಲು ಆಗದಿರುವುದಕ್ಕೆ ಟಗರೊಂದು ಕಾರಣವಾಗಿರುವ ಬಗ್ಗೆ, ಹಾಗೂ ಟಿಕೆಟ್ಟಿನ ದಿನಾಂಕವನ್ನು ಮುಂದೂಡಿಕೊಡುವ ಬಗ್ಗೆ.

ಉಲ್ಲೇಖ:
(ಅ) ತಮ್ಮ ಕೈಪಿಡಿ, ಪುಟ 4, ನಿಯಮ 7: "ಅತಿಥಿಯು ಮನೆಯವರ ಹಬ್ಬಹರಿದಿನಗಳಲ್ಲಿ ಮನಃಪೂರ್ವಕವಾಗಿ ಪಾಲ್ಗೊಳ್ಳುವಂತೆ ನೋಡಿಕೊಳ್ಳತಕ್ಕದ್ದು."
(ಆ) ದಿನಾಂಕ 4-8-2025ರ ತಮ್ಮ ವಾಟ್ಸಾಪ್ ಸಂದೇಶ: "ಅಲ್ಲಿ ಏನು ನಡೀತಿದೆ?"
(ಇ) ಅದೇ ದಿನದ ತಮ್ಮ ಇನ್ನೊಂದು ಸಂದೇಶ. ಇದರಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಮಾತ್ರ ಇರುತ್ತವೆ. ಒಟ್ಟು ಮೂರು.

ಮಾನ್ಯರೇ,

ಮೇಲ್ಕಂಡ ವಿಷಯ ಹಾಗೂ ಉಲ್ಲೇಖಗಳಿಗೆ ಸಂಬಂಧಿಸಿದಂತೆ ಅರ್ಜಿದಾರಳು ತಮ್ಮ ಗಮನಕ್ಕೆ ತರುವುದೇನೆಂದರೆ:

1. ಕುಮಾರಿ ಐನೋ ಅವರಿಗೆ ಇಪ್ಪತ್ತೆರಡು ವರ್ಷ. ಪಶುವೈದ್ಯ ಕಲಿಯುತ್ತಿರುವವರು. ಕುರಿ ಸಾಕುವವರ ಮನೆಯಲ್ಲೇ ಇದ್ದು ಕಲಿಯಬೇಕೆಂಬ ಕಾರಣಕ್ಕೆ ಕಳೆದ ಮೇ ತಿಂಗಳಲ್ಲಿ ತಾವೇ ಅವರನ್ನು ಅರ್ಜಿದಾರಳ ಮನೆಗೆ ಕಳುಹಿಸಿಕೊಟ್ಟಿದ್ದೀರಿ. ಅವರ ನಡತೆಯ ಬಗ್ಗೆ ಅರ್ಜಿದಾರಳಿಗೆ ಯಾವ ದೂರೂ ಇರುವುದಿಲ್ಲ. ಇದನ್ನು ಮೊದಲೇ ಹೇಳಲು ಕಾರಣ, ಮುಂದಿನ ಅಂಶಗಳು ದೂರಿನಂತೆ ಕಾಣುವ ಸಂಭವವಿದೆ.

2. ಬಂದ ಎರಡನೇ ದಿನದಿಂದ ಕುಮಾರಿ ಐನೋ ಅವರು ಅರ್ಜಿದಾರಳ ಅತ್ತೆ ಮುನಿಲಕ್ಷ್ಮಮ್ಮನವರ ಬೆನ್ನಿಗೆ ಬಿದ್ದು ಕನ್ನಡ ಕಲಿತರು. ಅತ್ತೆಯವರು ಹಗಲೆಲ್ಲ ಮಾತಾಡುವುದು ಕುರಿಗಳ ಜೊತೆ. ಆದ್ದರಿಂದ ಕುಮಾರಿ ಐನೋ ಅವರಿಗೆ ಬಂದಿರುವುದು ಕುರಿಗಳಿಗೆ ಹೇಳುವ ಕನ್ನಡ. ಪಡಿತರ ಚೀಟಿಯ ವಿಚಾರವಾಗಿ ಬಂದ ಒಬ್ಬ ಅಧಿಕಾರಿಗೆ ಅವರು ಬಾಗಿಲಲ್ಲಿ ನಿಂತು, ತುಂಬು ನಗುವಿನಿಂದ, "ಅತ್ಲಾಗ್ ಓಗ್ಲಾ, ನೀರ್ ಕುಡ್ದು ಬಾ" ಎಂದರು. ಅಧಿಕಾರಿ ಹೋದರು. ಮತ್ತೆ ಬಂದಿಲ್ಲ. ಇದಕ್ಕೆ ಅರ್ಜಿದಾರಳು ಜವಾಬ್ದಾರಳಲ್ಲ.

3. ತಮಿಳು ಪಂಚಾಂಗದ ಆಡಿ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಈ ಊರಿನಲ್ಲಿ ಮಾರಿಯಮ್ಮನ ಹಬ್ಬ. ಹಬ್ಬದ ಮೊದಲ ದಿನ ಊರಿಗೆಲ್ಲ ಕಾಪು ಕಟ್ಟುತ್ತಾರೆ, ಅಂದರೆ ಕೈಗೆ ಅರಿಶಿನದ ದಾರ. ದಾರ ಕಟ್ಟಿಸಿಕೊಂಡವರು ಹಗಲು ಎಲ್ಲಿಗಾದರೂ ಹೋಗಿಬರಬಹುದು. ಆದರೆ ಹಬ್ಬ ಮುಗಿದು ದಾರ ಬಿಚ್ಚುವವರೆಗೆ ಒಂದು ರಾತ್ರಿಯೂ ಊರ ಎಲ್ಲೆಯ ಆಚೆ ತಂಗುವಂತಿಲ್ಲ. ಒಬ್ಬರು ತಪ್ಪಿದರೂ ಇಡೀ ಹಬ್ಬವನ್ನು ಮೊದಲಿನಿಂದ ಮಾಡಬೇಕು. ಈ ನಿಯಮ ಸಾಮಾನ್ಯವಾಗಿ ಎಂಟು ದಿನದ್ದು. ಈ ಸಲ ಜುಲೈ 22ರಂದು ದಾರ ಕಟ್ಟಿದ್ದು, ಇಂದಿಗೆ ಹದಿನಾರನೇ ದಿನ.

4. ಇದೇ ನಿಯಮದ ಕಾರಣ ಅರ್ಜಿದಾರಳ ಪತಿಯವರೂ ಹದಿನಾರು ದಿನದಿಂದ ಮನೆಯಲ್ಲಿದ್ದಾರೆ. ಲಾರಿ ಎಂದರೆ ರಾತ್ರಿಯ ಕೆಲಸ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅವರು ಒಂದೇ ಸಲಕ್ಕೆ ಮನೆಯಲ್ಲಿದ್ದದ್ದು ಹೆಚ್ಚೆಂದರೆ ಐದು ದಿನ, ಅದೂ ಮದುವೆಯದೇ ಐದು ದಿನ. ಪ್ರತಿವರ್ಷ ಹಬ್ಬದ ವೇಳೆಗೆ ಸರಿಯಾಗಿ ಅವರು ಒಡಿಶಾದಲ್ಲೋ ಗುಜರಾತಿನಲ್ಲೋ ಇರುತ್ತಿದ್ದರು. ಈ ವರ್ಷ ಲಾರಿಯ ಗೇರ್‌ಬಾಕ್ಸ್ ಕೆಟ್ಟು ಎರಡು ದಿನಕ್ಕೆಂದು ಬಂದವರು, ಕುಮಾರಿ ಐನೋ ಅವರು ಕೈಹಿಡಿದು ಎಳೆದುಕೊಂಡು ಹೋದ ಕಾರಣ ಸಾಲಿನಲ್ಲಿ ನಿಂತು ದಾರ ಕಟ್ಟಿಸಿಕೊಂಡುಬಿಟ್ಟರು. ನಾಲ್ಕನೇ ದಿನ ಬೆಳಗ್ಗೆ ತಂದೆ ಇನ್ನೂ ಮನೆಯಲ್ಲೇ ಇರುವುದನ್ನು ಕಂಡ ಮಗಳು ಭವ್ಯಶ್ರೀ, ಹಣೆ ಮುಟ್ಟಿ ನೋಡಿ, "ಅಪ್ಪಾ, ಉಡಂಬು ಸರಿಯಿಲ್ಲೆಯಾ?" ಎಂದು ಶಾಲೆಯ ತಮಿಳಿನಲ್ಲಿ ಆರೋಗ್ಯ ವಿಚಾರಿಸಿದಳು. ಇದನ್ನು ಕೇಳಿ ಅರ್ಜಿದಾರಳಿಗೆ ಆದದ್ದನ್ನು ಇಲ್ಲಿ ಒಂದು ಪದದಲ್ಲಿ ಬರೆದು ನಂತರ ಹೊಡೆದುಹಾಕಲಾಗಿದೆ. ಹೊಡೆದ ಜಾಗದಲ್ಲಿ ಸಣ್ಣ ಸಹಿ ಇದೆ.

5. ಕುಮಾರಿ ಐನೋ ಅವರು ದಾರದ ವಿಷಯದಲ್ಲಿ ಊರಿನವರಿಗಿಂತ ಬಿಗಿ. ಊರಿನವರು ಹಗಲು ಬಸ್ಸು ಹತ್ತಿ ಪೆನ್ನಾಗರಂಗೆ ಹೋಗಿ ಪರೋಟ ತಿಂದು ಸಂಜೆಗೆ ಹಿಂತಿರುಗುತ್ತಾರೆ. ಇವರು ಎಲ್ಲೆಯ ಕಲ್ಲಿನ ಹತ್ತಿರವೂ ಹೋಗುವುದಿಲ್ಲ. ದಿನಕ್ಕೆರಡು ಸಲ ತಣ್ಣೀರು ಸ್ನಾನ, ಒಂದು ಹೊತ್ತು ಊಟ, ಚಪ್ಪಲಿ ಇಲ್ಲ. ಅತ್ತೆಯವರ ಜೊತೆ ಕೂತು ಅಕ್ಕಿಹಿಟ್ಟು ಬೆಲ್ಲ ಕಲಸಿ ತಂಬಿಟ್ಟಿನ ದೀಪ ಮಾಡಿದರು. ಮೊದಲ ದೀಪವನ್ನು ಬತ್ತಿ ಸಮೇತ ತಿಂದದ್ದು ನಿಜ, ಆದರೆ ಆಗ ಅದನ್ನು ಹಚ್ಚಿರಲಿಲ್ಲ. ನಿಯಮ 7ರ 'ಮನಃಪೂರ್ವಕವಾಗಿ' ಎಂಬ ಪದಕ್ಕೆ ಇದಕ್ಕಿಂತ ಹೆಚ್ಚಿನ ಅರ್ಥ ಇರಲಾರದು ಎಂದು ಅರ್ಜಿದಾರಳ ನಮ್ರ ಅಭಿಪ್ರಾಯ.

6. ಈಗ ಟಗರಿನ ವಿಚಾರ. ಎಂಟನೇ ದಿನ ಅಮ್ಮನಿಗೆ ಹರಕೆಯ ಟಗರು ಒಪ್ಪಿಸಬೇಕು. ಈ ವರ್ಷದ ಸರದಿ ಅರ್ಜಿದಾರಳ ಮನೆಯದು. ಗುಡಿಯ ಮುಂದೆ ಟಗರಿನ ಮೇಲೆ ಅರಿಶಿನ ಕಲಸಿದ ತಣ್ಣೀರು ಸುರಿಯುತ್ತಾರೆ. ಅದು ಮೈ ಜಾಡಿಸಿದರೆ ಅಮ್ಮ ಒಪ್ಪಿದಳು, ಹಬ್ಬ ಮುಗಿಯಿತು, ಮರುದಿನ ದಾರ ಬಿಚ್ಚುತ್ತಾರೆ. ಜಾಡಿಸದಿದ್ದರೆ ಅಪ್ಪಣೆ ಆಗಿಲ್ಲವೆಂದು ಅರ್ಥ, ಮುಂದಿನ ಮಂಗಳವಾರವೋ ಶುಕ್ರವಾರವೋ ಮತ್ತೆ ಕೇಳಬೇಕು. ಹರಕೆಯ ಟಗರನ್ನು ಬದಲಾಯಿಸುವಂತಿಲ್ಲ. ಆಡಿ ತಿಂಗಳ ಗಾಳಿಗೆ ಒದ್ದೆ ಮೈಯ ಯಾವ ಟಗರೂ ಜಾಡಿಸದೆ ಇರುವುದಿಲ್ಲವಾದ ಕಾರಣ, ಇದುವರೆಗೆ ಎರಡನೇ ಸಲ ಕೇಳುವ ಪ್ರಸಂಗವೇ ಈ ಊರಿಗೆ ಬಂದಿರಲಿಲ್ಲ.

7. ಜುಲೈ 29, ಮಂಗಳವಾರ. ಪೂಜಾರಿ ಚಿಕ್ಕಣ್ಣನವರು ನೀರು ಸುರಿದರು. ತಮಟೆ ನಿಂತಿತು. ಊರೆಲ್ಲ ಉಸಿರು ಹಿಡಿದು ಟಗರನ್ನು ನೋಡುತ್ತಿರುವಾಗ ಕುಮಾರಿ ಐನೋ ಅವರು ಹೆಂಗಸರ ಗುಂಪಿನಿಂದ ಹೊರಗೆ ಹಾರಿ, ಹೆಗಲ ಮೇಲಿದ್ದ ಟವೆಲ್ಲಿನಿಂದ ಟಗರನ್ನು ಕೊಂಬಿನಿಂದ ಬಾಲದವರೆಗೆ ಒರೆಸಿದರು. ಕಿವಿಯ ಒಳಗೂ ಒರೆಸಿದರು. ನೆನೆದ ಉಣ್ಣೆಗೆ ಗಾಳಿ ತಾಗಿದರೆ ಕುರಿಗೆ ನ್ಯುಮೋನಿಯಾ ಬರುತ್ತದೆಂದು ಎಲ್ಲರಿಗೂ ಬಿಡಿಸಿ ಹೇಳಿದರು. ಟಗರು ಕಣ್ಣು ಮುಚ್ಚಿ ನಿಂತಿತ್ತು. ಇಷ್ಟು ಸುಖ ಅದು ಹುಟ್ಟಿದಾಗಿನಿಂದ ಕಂಡಿರಲಾರದು.

ಚಿಕ್ಕಣ್ಣನವರು ಖಾಲಿ ಬಿಂದಿಗೆ ಹಿಡಿದುಕೊಂಡೇ, "ಅಮ್ಮ ಒಪ್ಪೋದ್ರೊಳ್ಗೆ ನೀನ್ ಒರೆಸ್ಬುಟ್ಯಲ್ಲವ್ವಾ" ಎಂದರು.

ಅತ್ತೆಯವರು ಮಾತ್ರ ಪಕ್ಕದವರಿಗೆ ಕೇಳುವಂತೆ, "ನಮ್ ಐನೋ ಕೆಲ್ಸ ಅಂದ್ರೆ ಅಂಗೇ. ಅರ್ಧಕ್ ಬಿಡಾಕಿಲ್ಲ. ನಮ್ ಸೊಸೆನೂ ಅವ್ಳೆ, ಓದ್ದೋಳು" ಎಂದು ಹೇಳಿ ಮಾತು ಅಲ್ಲಿಗೇ ಬಿಟ್ಟರು. ಸೊಸೆ ಅರ್ಜಿದಾರಳು.

ನಡೆದದ್ದರ ಅರ್ಥವನ್ನು ಅರ್ಜಿದಾರಳು ತಿಳಿಸಿಹೇಳಿದಾಗ ಕುಮಾರಿ ಐನೋ ಅವರು ಬಹಳ ನೊಂದುಕೊಂಡರು. ಅವರ ತಂದೆತಾಯಿಯದೂ ಕುರಿಯ ಕಸುಬು, ಟಗರಿನ ಮುಂದಿನ ಗತಿ ಅವರಿಗೆ ಹೊಸದಲ್ಲ. ತುಂಬ ಹೊತ್ತು ಕೊಟ್ಟಿಗೆಯಲ್ಲಿ ಕೂತು ಬಂದು, "ನಮ್ಮೂರಾಗೆ ಕುರೀನ ಯಾರೂ ಕೇಳಲ್ಲ ಕಣಕ್ಕಾ. ಇಲ್ಲಿ ಕೇಳ್ತೀರ. ಒಪ್ಪೋವರ್ಗೂ ನಾನ್ ಓಗಲ್ಲ" ಎಂದರು. ಅದೇ ಅವರ ಕೊನೆಯ ತೀರ್ಮಾನ. ವಿಡಿಯೋ ಕರೆಯಲ್ಲಿ ಅವರ ತಾಯಿಯೂ ಟಗರನ್ನು ಅವಸರಪಡಿಸಬೇಡಿ ಎಂದಿದ್ದಾರೆ. ಕಾಲೇಜು ತೆರೆಯುವುದು ಸೆಪ್ಟೆಂಬರಿನಲ್ಲಿ ಎಂದೂ ತಿಳಿಸಿದ್ದಾರೆ.

8. ಆಗಸ್ಟ್ 1, ಶುಕ್ರವಾರ. ಮುನ್ನೆಚ್ಚರಿಕೆಯಾಗಿ ಊರ ಹೆಂಗಸರೆಲ್ಲರ ಟವೆಲ್ಲುಗಳನ್ನು ವಶಪಡಿಸಿಕೊಳ್ಳಲಾಯಿತು. ಕುಮಾರಿ ಐನೋ ಅವರನ್ನು ಅತ್ತೆಯವರ ಸೆರಗಿಗೆ ಗಂಟು ಹಾಕಿ ಕೂರಿಸಲಾಯಿತು. ನೀರು ಸುರಿದರು. ಟಗರು ಜಾಡಿಸಲಿಲ್ಲ. ಗುಂಪಿನಲ್ಲಿ ಕುಮಾರಿ ಐನೋ ಅವರನ್ನು ಹುಡುಕಿ, ಅವರ ಕಡೆಗೆ ಕಿವಿ ಚಾಚಿಕೊಂಡು ಸುಮ್ಮನೆ ನಿಂತಿತು.

9. ಆಗಸ್ಟ್ 5, ಮಂಗಳವಾರ, ಅಂದರೆ ನಿನ್ನೆ. ಜಾಡಿಸಲಿಲ್ಲ.

10. ಊರಿನಲ್ಲಿ ಈಗ ಟಗರಿಗೆ ಸೊಕ್ಕು ಎಂದು ಕೆಲವರು, ಅಮ್ಮನಿಗೆ ಮುನಿಸು ಎಂದು ಕೆಲವರು ಹೇಳುತ್ತಿದ್ದಾರೆ. ಸೇಲಂನಲ್ಲಿರುವ ಲಾರಿ ಮಾಲೀಕ ಪಳನಿಯಪ್ಪನ್ ಅವರು ದಿನಾ ಫೋನು ಮಾಡಿ, ಓಮಲೂರಿನಲ್ಲಿ ಜವ್ವರಿಸಿ (ಸಬ್ಬಕ್ಕಿ) ಲೋಡು ಕಾಯುತ್ತಿದೆ, ಒಂದು ಕುರಿ ಮೈ ಅಲ್ಲಾಡಿಸಲು ಎಷ್ಟು ದಿನ ಬೇಕು ಎಂದು ವಿಚಾರಿಸುತ್ತಾರೆ. ಪತಿಯವರು ಪ್ರತಿಸಲ ಎದ್ದು ನಿಂತು, "ನಮ್ಮ ಕೈಯಿಲೆ ಎನ್ನಂಗ ಇರುಕ್ಕು" ಎಂದು, ನಮ್ಮ ಕೈಯಲ್ಲಿ ಏನಿದೆ ಎಂಬರ್ಥದಲ್ಲಿ, ಬಹಳ ಭಕ್ತಿಯಿಂದ ಹೇಳುತ್ತಾರೆ.

11. ಈ ಅರ್ಜಿಯನ್ನು ಕನ್ನಡದಲ್ಲಿ ಬರೆಯಲು ಕಾರಣ. ಅರ್ಜಿದಾರಳು ಕೊಳ್ಳೇಗಾಲದ ಕಡೆಯವಳು, ಅಲ್ಲೇ ಕಾಲೇಜು ಓದಿದವಳು. ಈ ಊರಿನವರೆಲ್ಲ ಮನೆಯಲ್ಲಿ ಆಡುವುದು ಕನ್ನಡವಾದರೂ ಓದಿದ್ದು ತಮಿಳು ಶಾಲೆಯಲ್ಲಿ. ಆದ್ದರಿಂದ ಈ ಕಾಗದ ಇಲ್ಲಿ ಯಾರ ಕೈಗೆ ಸಿಕ್ಕಿದರೂ ಅವರಿಗೆ ಓದಲು ಬರುವುದಿಲ್ಲ. ಮುಂದಿನ ಅಂಶವನ್ನು ಓದುವಾಗ ತಾವು ದಯಮಾಡಿ ಇದನ್ನು ನೆನಪಿನಲ್ಲಿಡಬೇಕು.

12. ಅರಿಶಿನದ ನೀರನ್ನು ಗುಡಿಗೆ ತರುವುದು ಸರದಿಯ ಮನೆಯ ಸೊಸೆಯ ಕೆಲಸ. ಶುಕ್ರವಾರ ಬೆಳಗ್ಗೆ ಅರ್ಜಿದಾರಳು ಅಡುಗೆಮನೆಯಲ್ಲಿ ಬಿಂದಿಗೆ ತುಂಬುತ್ತಿರುವಾಗ ಹೊರಗೆ ಪತಿಯವರು ಮಗಳಿಗೆ ಜಡೆ ಹಾಕುತ್ತಿದ್ದರು. ಅವರಿಗೆ ಹಾಕಲು ಬರುವುದಿಲ್ಲ. ಹಗ್ಗ ಬಿಗಿಯುವ ಹಾಗೆ, ಲೋಡಿಗೆ ಹಾಕುವ ಗಂಟನ್ನೇ ಹಾಕುತ್ತಿದ್ದರು. ಮಗಳು ನಗುತ್ತಿದ್ದಳು. ಟಗರು ಜಾಡಿಸಿದರೆ ಸಂಜೆಗೆ ದಾರ ಬಿಚ್ಚುವ ಮಾತು ಬರುತ್ತದೆ, ನಾಳೆಯೇ ಲಾರಿ. ಒಲೆಯಲ್ಲಿ ಮುದ್ದೆಗೆಂದು ಹಚ್ಚಿದ ಉರಿ ಇತ್ತು. ಬಿಂದಿಗೆ ಒಲೆಯ ಮೇಲೆ ಕುಳಿತದ್ದು ಆಕಸ್ಮಿಕ ಎಂದು ಮೊದಲು ಬರೆದು, ಆ ಪದವನ್ನೂ ಹೊಡೆದುಹಾಕಲಾಗಿದೆ. ಸಣ್ಣ ಸಹಿ ಇದೆ.

ನೀರು ಉಗುರುಬೆಚ್ಚಗಿತ್ತು. ಬಿಂದಿಗೆಯ ಸುತ್ತ ಬೇವಿನ ಸೊಪ್ಪು ಕಟ್ಟಿರುವ ಕಾರಣ ಹಿಡಿದವರ ಕೈಗೆ ಶಾಖ ತಿಳಿಯುವುದಿಲ್ಲ. ಟಗರಿಗೆ ತಿಳಿಯಿತು. ಅದು ಯಾರಿಗೂ ಹೇಳಲಿಲ್ಲ.

13. ಆ ನಾಲ್ಕು ದಿನ ಅರ್ಜಿದಾರಳು ಸರಿಯಾಗಿ ಊಟ ಮಾಡಿರುವುದಿಲ್ಲ. ಅಮ್ಮನ ಮುಂದೆ ನಿಂತು ಕೈಮುಗಿಯಲೂ ಅಂಜಿಕೆ. ಯಾರು ಕೆಮ್ಮಿದರೂ ತನ್ನ ವಿಷಯವೇ ಎಂದು ತಿರುಗಿ ನೋಡುತ್ತಿದ್ದಳು. ನಿನ್ನೆ ತಣ್ಣೀರೇ ಒಯ್ಯಬೇಕೆಂದು ನಿರ್ಧರಿಸಿ, ಆದರೂ ನೋಡೋಣವೆಂದು ಬಿಂದಿಗೆಯನ್ನು ಒಲೆಯ ಮೇಲೆ ಒಂದು ಗಳಿಗೆ ಮಾತ್ರ ಇಟ್ಟು ತಕ್ಷಣ ಇಳಿಸಿದಳು. ಆ ಹೊತ್ತಿಗೆ ಪತಿಯವರು ಅಡುಗೆಮನೆಗೆ ಬಂದು, ಭಾರ ಇದೆ ಕೊಡು ಎಂದು ಬಿಂದಿಗೆಗೆ ಕೈ ಹಾಕಿದರು. ಬೇವಿನ ಸೊಪ್ಪು ಇನ್ನೂ ಕಟ್ಟಿರಲಿಲ್ಲ. ಅವರು ಎರಡು ಬೆರಳನ್ನು ನೀರಿನೊಳಗೆ ಅದ್ದಿದರು. ಅರ್ಜಿದಾರಳ ಮುಖ ನೋಡಿದರು. ಅರ್ಜಿದಾರಳು ಗೋಡೆ ನೋಡಿದಳು. ಒಂಬತ್ತು ವರ್ಷದಲ್ಲಿ ಅವರು ಏರುದನಿಯಲ್ಲಿ ಮಾತಾಡಿದವರಲ್ಲ. ಆದರೂ ಏನು ಹೇಳಿಯಾರು ಎಂದು ಅರ್ಜಿದಾರಳು ತವರಿಗೆ ಹೊರಡಲು ಕಟ್ಟಬೇಕಾದ ಬಟ್ಟೆಬರೆಯವರೆಗೂ ಯೋಚಿಸಿಬಿಟ್ಟಿದ್ದಳು.

ಪತಿಯವರು ಬಿಂದಿಗೆಯನ್ನು ತಿರುಗಿ ಒಲೆಯ ಮೇಲಿಟ್ಟರು.

"ಇನ್ನೊಂದ್ ಚೂರು ಕಾಯ್ಸು," ಎಂದರು. "ಗಾಳಿ ಐತೆ."

14. ಇಷ್ಟು ಸತ್ಯ. ಇದರಲ್ಲಿ ಕುಮಾರಿ ಐನೋ ಅವರದಾಗಲಿ, ಟಗರಿನದಾಗಲಿ, ಅಮ್ಮನದಾಗಲಿ ಯಾವ ತಪ್ಪೂ ಇರುವುದಿಲ್ಲ. ವಿಮಾನ ತಪ್ಪಿದರೆ ಅರ್ಜಿದಾರಳ ಮನೆಯನ್ನು ತಮ್ಮ ಯೋಜನೆಯ ಪಟ್ಟಿಯಿಂದ ತೆಗೆಯುವ ಹಕ್ಕು ತಮಗಿದೆ ಎಂಬುದು ಅರ್ಜಿದಾರಳಿಗೆ ಗೊತ್ತು. ಆ ವಿಚಾರವಾಗಿಯೂ ಚಿಂತೆ ಇದೆ. ಆದರೆ ಒಂದು ಚಿಂತೆಯನ್ನು ಇಬ್ಬರು ಹಂಚಿಕೊಂಡರೆ ಊಟ ಸೇರುತ್ತದೆ ಎಂಬುದು ನಿನ್ನೆ ಮಧ್ಯಾಹ್ನ ತಿಳಿದುಬಂದಿದೆ.

ಆದ್ದರಿಂದ, ಮೇಲಿನ ಕಾರಣಗಳನ್ನು ಪರಿಶೀಲಿಸಿ, ಕುಮಾರಿ ಐನೋ ಅವರ ಟಿಕೆಟ್ಟನ್ನು ಆಡಿ ತಿಂಗಳು ಮುಗಿದ ಮೇಲಿನ ಯಾವುದಾದರೊಂದು ದಿನಕ್ಕೆ ಮುಂದೂಡಿಕೊಡಬೇಕೆಂದು ಅರ್ಜಿದಾರಳು ವಿನಂತಿಸಿಕೊಳ್ಳುತ್ತಾಳೆ. ತಾವು ಯಾವ ದಿನವನ್ನು ನಿಗದಿಪಡಿಸಿದರೂ, ಅದರ ಹಿಂದಿನ ಮಂಗಳವಾರ ಬೆಳಗ್ಗೆ ಟಗರು ತಪ್ಪದೆ ಮೈ ಜಾಡಿಸುವುದೆಂದು ಈ ಮೂಲಕ ಮುಚ್ಚಳಿಕೆ ಬರೆದುಕೊಡಲಾಗಿದೆ.

ಊರ ಎಲ್ಲೆಯೊಳಗೇ ಇರುವ,
ತಮ್ಮ ವಿಶ್ವಾಸಿ,
ಮೇನಕಾ

ಸ್ಥಳ: ಬೇವಿನಕೊಟ್ಟಾಯ್
ದಿನಾಂಕ: 6-8-2025

ಲಗತ್ತುಗಳು:
1. ಕುಮಾರಿ ಐನೋ ಅವರ ಬಲಗೈಯ ಫೋಟೋ, ದಾರ ಸಮೇತ.
2. ಅಪ್ಪಣೆ ಆಗಿಲ್ಲವೆಂದು ಪೂಜಾರಿ ಚಿಕ್ಕಣ್ಣನವರು ತಮಿಳಿನಲ್ಲಿ ಕೊಟ್ಟ ಪತ್ರ. ಇದರಲ್ಲಿ ಅವರು 'ಟಗರು ಆರೋಗ್ಯವಾಗಿದೆ' ಎಂದೂ ಸೇರಿಸಿರುತ್ತಾರೆ.
3. ಟಗರಿನ ಆರೋಗ್ಯದ ಬಗ್ಗೆ ಕುಮಾರಿ ಐನೋ ಅವರ ವರದಿ, ಹನ್ನೊಂದು ಪುಟ.
4. ಮಗಳು ಭವ್ಯಶ್ರೀಯ ಜಡೆಯ ಫೋಟೋ. ಇದು ವಿಷಯಕ್ಕೆ ಸಂಬಂಧಪಟ್ಟದ್ದಲ್ಲ.

ಸೂಚನೆ: ವಿಷಯ ತುರ್ತಾಗಿರುವ ಕಾರಣ ಈ ಅರ್ಜಿಯನ್ನು ಫೋಟೋ ತೆಗೆದು ಇ-ಮೇಲ್‌ನಲ್ಲಿ ಕಳುಹಿಸಲಾಗಿದೆ. ಉತ್ತರವನ್ನು ಮಾತ್ರ ದಯಮಾಡಿ ಸಾದಾ ಅಂಚೆಯಲ್ಲಿ ಕಳುಹಿಸಬೇಕು. ಬೆಂಗಳೂರಿನಿಂದ ಇಲ್ಲಿಗೆ ಅದು ಹನ್ನೆರಡು ದಿನ ತೆಗೆದುಕೊಳ್ಳುತ್ತದೆ.