ಅಳು ಬಾರದ ಕಾದಂಬರಿ

ಟೈಲರಮ್ಮನಿಗೆ ಅಳು ಬರಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

ಬೀದಿಯಲ್ಲಿ ಉಳಿದವರೆಲ್ಲ ಓದಿ ಅತ್ತಿದ್ದರು. ಇಬ್ಬರು ಗೆಳತಿಯರು ನಲವತ್ತು ವರ್ಷ ಮುನಿಯುತ್ತ, ಮತ್ತೆ ಒಂದಾಗುತ್ತ ಬಾಳುವ ಆ ದಪ್ಪ ಕಾದಂಬರಿಯನ್ನು ಎದುರುಮನೆಯ ನರ್ಸಮ್ಮ ತಿಂಗಳ ಹಿಂದೆ ತಂದು ಕೊಟ್ಟಿದ್ದಳು. "ಇದು ನಮ್ಮಿಬ್ಬರ ಕತೆನೇ ಕಣೆ. ಕೊನೇ ಅಧ್ಯಾಯಕ್ಕೆ ನನ್ನ ದಿಂಬೆಲ್ಲ ಒದ್ದೆ," ಎಂದಿದ್ದಳು. ಮೂವತ್ತು ವರ್ಷದ ಗೆಳತಿ. ಪುಸ್ತಕ ಚೆನ್ನಾಗಿಲ್ಲ ಎಂದರೆ ಆ ಮೂವತ್ತು ವರ್ಷವೇ ಚೆನ್ನಾಗಿರಲಿಲ್ಲ ಎಂದ ಹಾಗೆ.

ಆದರೆ ನೂರನೇ ಪುಟಕ್ಕೆ ಬಂದರೂ ಕಾದಂಬರಿಯ ಗೆಳತಿಯರು ಕಿಟಕಿ ಪಕ್ಕ ನಿಂತು ನಿಟ್ಟುಸಿರು ಬಿಡುತ್ತಲೇ ಇದ್ದರು, ದಾರ ಮುಗಿದ ಮೇಲೂ ಓಡುತ್ತಿರುವ ಹೊಲಿಗೆ ಮಿಷನ್ನಿನ ಹಾಗೆ. ಟೈಲರಮ್ಮ ಅಲ್ಲಿಗೇ ನಿಲ್ಲಿಸಿದ್ದಳು.

ಈ ಬೆಳಿಗ್ಗೆ ನರ್ಸಮ್ಮ ಗೇಟಿನಿಂದಲೇ ಕೂಗಿದಳು. "ಸಂಜೆ ಡ್ಯೂಟಿ ಮುಗಿಸ್ಕೊಂಡು ಬರ್ತೀನಿ ಕಣೆ. ಕೊನೇ ಅಧ್ಯಾಯದ ಬಗ್ಗೆ ಕೂತು ಮಾತಾಡೋಣ."

ಟೈಲರಮ್ಮ ಕಾಲರಿನ ಗುಂಡಿಯನ್ನು ಜೇಬಿಗೆ ಹೊಲಿದಳು.

ಅಳತೆ ಕೊಡಲು ಬಂದ ಟೀಚರಮ್ಮನನ್ನು ಮೆಲ್ಲಗೆ ಕೇಳಿದಳು. "ಆ ಕಾದಂಬರೀಲಿ ಕೊನೆಗೇನಾಗುತ್ತೆ ಮೇಡಂ?"

"ಒಬ್ಬಳು ಸಾಯ್ತಾಳೆ, ಪಾಪ."

"ಯಾರು?"

ಟೀಚರಮ್ಮ ಕನ್ನಡಿ ನೋಡಿದರು. "ಅದೇ, ಒಳ್ಳೆಯವಳು."

ಪ್ಯಾಂಟು ಗಿಡ್ಡ ಮಾಡಿಸಲು ಬಂದ ಔಷಧಿ ಅಂಗಡಿಯವರು ಒಪ್ಪಲಿಲ್ಲ. "ಯಾರೂ ಸಾಯಲ್ಲಮ್ಮ. ಇಬ್ಬರೂ ಹಡಗು ಹತ್ತಿ ಹೋಗ್ತಾರೆ. ನಾನು ಎರಡು ಸಲ ಓದಿದೀನಿ."

"ಸತ್ತವಳನ್ನೇ ಹತ್ತಿಸಿರಬೇಕು," ಎಂದರು ಮೂಲೆಯಲ್ಲಿ ಬಟಾಣಿ ಬಿಡಿಸುತ್ತಿದ್ದ ಅತ್ತೆ.

ಇನ್ನು ತಾನೇ ನೋಡುವುದು ಎಂದು ಟೈಲರಮ್ಮ ಸಂಜೆ ಕೊನೆಯ ಅಧ್ಯಾಯ ತೆರೆದಳು. ಪ್ರೆಸ್ಸಿನವರು ಕತ್ತರಿಸಲು ಮರೆತ ಎಂಟು ಪುಟಗಳು ಮೇಲಂಚಿನಲ್ಲಿ ಕೂಡಿಕೊಂಡೇ ಇದ್ದವು. ಗೇಟು ಕಿರುಗುಟ್ಟಿತು. ಅವಸರದಲ್ಲಿ ಕತ್ತರಿ ತೆಗೆದು ಸರ್ರನೆ ಅಂಚು ಸೀಳಿಬಿಟ್ಟಳು. ಆಮೇಲೆ ಹೊಳೆಯಿತು: ಓದದ ಅಧ್ಯಾಯಕ್ಕೆ ನರ್ಸಮ್ಮನ ದಿಂಬು ಒದ್ದೆಯಾದದ್ದು ಹೇಗೆ?

ನರ್ಸಮ್ಮ ಬಂದವಳೇ ಕುರ್ಚಿಯಲ್ಲಿ ಕುಸಿದಳು. "ಓದಿ ಅತ್ತ್ಯಾ?"

"ನೀನು ಅತ್ತ್ಯಾ? ಕೊನೇ ಪುಟಗಳು ಕೂಡ್ಕೊಂಡೇ ಇದ್ವು. ನೀನು ಓದೇ ಇಲ್ಲ ಕಣೆ."

"ಎಲ್ಲಿ, ತೋರ್ಸು."

ತೋರಿಸಿದಳು. ಪಳಗಿದ ಕೈ, ಅಂಚು ಗೆರೆ ಎಳೆದಷ್ಟು ನೇರವಾಗಿತ್ತು. ಸಾಕ್ಷಿ ಎಲ್ಲಿ ಉಳಿದೀತು?

"ಹಾಗಾದ್ರೆ ಕೊನೆಗೇನಾಯ್ತು ಹೇಳು," ಎಂದಳು ಟೈಲರಮ್ಮ.

"ಒಬ್ಬಳು ಸಾಯ್ತಾಳೆ ಅಂತ ಟೀಚರಮ್ಮ ಹೇಳ್ತಿದ್ರು..." ನರ್ಸಮ್ಮ ನಾಲಿಗೆ ಕಚ್ಚಿಕೊಂಡಳು.

ಇಬ್ಬರೂ ಮುಖ ಮುಖ ನೋಡಿಕೊಂಡು ಪಕಪಕ ನಕ್ಕರು. ಅತ್ತೆ ಟೀ ತಂದಿಟ್ಟರು.

"ಅರವತ್ತನೇ ಪುಟಕ್ಕೇ ನಿದ್ದೆ ಬಂತು ಕಣೆ," ಎಂದಳು ನರ್ಸಮ್ಮ. "ನೀನು ಓದಿ ಕತೆ ಹೇಳ್ತೀಯಲ್ಲ ಅಂತ ಕೊಟ್ಟೆ."

"ನಾನೂ ನೂರಕ್ಕೇ ನಿಲ್ಲಿಸ್ದೆ," ಎಂದಳು ಟೈಲರಮ್ಮ. ಎದೆಯ ಭಾರ ಇಳಿದಿತ್ತು.

"ನೂರಾ?" ನರ್ಸಮ್ಮ ಲೋಟ ಕೆಳಗಿಟ್ಟಳು. "ನಾಳೆ ನಮ್ಮ ಆಸ್ಪತ್ರೆಯ ಓದುಗರ ಬಳಗದಲ್ಲಿ ಈ ಪುಸ್ತಕದ ಮೇಲೆ ಭಾಷಣ. ನಾನು ಒಪ್ಕೊಂಡುಬಿಟ್ಟಿದೀನಿ. ಪುಸ್ತಕದಲ್ಲಿ ಅಷ್ಟು ದೂರ ಹೋದವರು ನಮ್ಮ ಬಳಗದಲ್ಲಿ ಯಾರೂ ಇಲ್ಲ. ನೀನೇ ಮಾತಾಡು."

"ನಾನಾ?"

"ಇನ್ಯಾರೇ ಇದಾರೆ ನಂಗೆ?"

ಅಷ್ಟು ಹೇಳಿ ಅವಳು ಕುರ್ಚಿಯಲ್ಲೇ ನಿದ್ದೆ ಹೋದಳು. ಟೈಲರಮ್ಮ ಅವಳ ಮೇಲೊಂದು ಹೊದಿಕೆ ಎಳೆದು, ನೂರಾ ಒಂದನೇ ಪುಟ ತೆರೆದಳು.

ಗೆಳತಿಯರು ಇನ್ನೂ ಕಿಟಕಿ ಪಕ್ಕದಲ್ಲೇ ನಿಂತಿದ್ದರು.